ಹವ್ಯಾಸಿ ರೋಬೋಟ್‌ಗೆ ವೈರ್‌ಲೆಸ್ ಚಾರ್ಜಿಂಗ್: ಯಾವ ವಿಧಾನ ಯಾವ ರೋಬೋಟ್‌ಗೆ ಹೊಂದುತ್ತದೆ?

ರೋಬೋಟ್‌ಗೆ ವೈರ್‌ಲೆಸ್ ಚಾರ್ಜಿಂಗ್ ಅಳವಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ನೋಡುವುದು ಮಾಡ್ಯೂಲ್‌ನ ಮೇಲೆ ಬರೆದಿರುವ ವ್ಯಾಟ್‌ಗಳನ್ನು. ಅದನ್ನು ನೋಡುವ ಮೊದಲು ಎರಡು ಅಳತೆಗಳು ಕೈಯಲ್ಲಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಡಾಕ್‌ನಲ್ಲಿ, ಅಂದರೆ ಚಾರ್ಜ್ ಆಗಲು ಬಂದು ನಿಲ್ಲುವ ಗೂಡಿನಲ್ಲಿ, ಸುಮ್ಮನೆ ನಿಂತಿರುವಾಗಲೂ ರೋಬೋಟ್ ತಾನೇ ಎಷ್ಟು ವಿದ್ಯುತ್ತನ್ನು ತಿನ್ನುತ್ತದೆ ಎಂಬುದು ಮೊದಲನೆಯ ಅಳತೆ. ಡಾಕ್‌ಗೆ ಬಂದು ನಿಲ್ಲುವಾಗ ಅದು ಗುರಿಯಿಂದ ಎಷ್ಟು ಮಿಲಿಮೀಟರ್ ತಪ್ಪುತ್ತದೆ ಎಂಬುದು ಎರಡನೆಯದು. ಈ ಎರಡೂ ತಿಳಿದರೆ ಮುಂದಿನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುತ್ತದೆ. ತಿಳಿಯದಿದ್ದರೆ ಎಷ್ಟೇ ಒಳ್ಳೆಯ ಮಾಡ್ಯೂಲ್ ತಂದರೂ ಬೆಳಿಗ್ಗೆ ಎದ್ದು ನೋಡುವಾಗ ಬ್ಯಾಟರಿ ಅರ್ಧವೇ ತುಂಬಿರುತ್ತದೆ.

ಮೊದಲನೆಯ ಅಳತೆಯ ಮಹತ್ವವನ್ನು ಒಂದು ಲೆಕ್ಕದಿಂದ ತೋರಿಸಬಹುದು. ಎರಡು ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ, 7.4 ವೋಲ್ಟ್, 2200 ಮಿಲಿಆಂಪಿಯರ್-ಗಂಟೆಯ ಪ್ಯಾಕ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಹಿಡಿಯುವ ಶಕ್ತಿ ಸುಮಾರು 16.3 ವ್ಯಾಟ್-ಗಂಟೆ. ಡಾಕ್‌ನಲ್ಲಿರುವ ತಂತಿಯ ಸುರುಳಿ ಕಳುಹಿಸುವ ಶಕ್ತಿಯನ್ನು ರೋಬೋಟ್‌ನಲ್ಲಿರುವ ಇನ್ನೊಂದು ಸುರುಳಿ ಪಡೆಯುತ್ತದೆ; ಆ ಪಡೆಯುವ ಸುರುಳಿಯ ಕಡೆಯಿಂದ 5 ವ್ಯಾಟ್ ಬರುತ್ತಿದೆ. ರೋಬೋಟ್‌ನೊಳಗೆ ರಾಸ್ಪ್‌ಬೆರಿ ಪೈನಂತಹ ಕಂಪ್ಯೂಟರ್ ಮತ್ತು ಸೆನ್ಸರ್‌ಗಳು ಎಚ್ಚರವಾಗಿಯೇ ಇದ್ದು 3 ವ್ಯಾಟ್ ಬಳಸುತ್ತಿವೆ. ಉಳಿದ 2 ವ್ಯಾಟ್‌ನಲ್ಲಿ ವೋಲ್ಟೇಜ್ ಏರಿಸುವ ಸರ್ಕ್ಯೂಟ್‌ನ ನಷ್ಟವನ್ನು ಕಳೆದು, ನೂರಕ್ಕೆ 85ರಷ್ಟು ಬ್ಯಾಟರಿಗೆ ತಲುಪುತ್ತದೆ ಎಂದುಕೊಂಡರೆ ಸಿಗುವುದು 1.7 ವ್ಯಾಟ್, ಖಾಲಿ ಪ್ಯಾಕ್ ತುಂಬಲು ಒಂಬತ್ತೂವರೆ ಗಂಟೆಗೂ ಹೆಚ್ಚು ಬೇಕು. ಅದೇ ರೋಬೋಟ್ ಡಾಕ್‌ಗೆ ಬಂದೊಡನೆ ಕಂಪ್ಯೂಟರನ್ನು ಪೂರ್ತಿ ಆರಿಸಿ, 0.2 ವ್ಯಾಟ್ ಬಳಸುವ ಒಂದು ಮೈಕ್ರೋಕಂಟ್ರೋಲರನ್ನು (ಪುಟ್ಟ ನಿಯಂತ್ರಕ ಚಿಪ್) ಮಾತ್ರ ಎಚ್ಚರವಾಗಿಟ್ಟರೆ ಸುಮಾರು ನಾಲ್ಕು ಗಂಟೆ ಸಾಕು. ಸುರುಳಿಯನ್ನು ಬದಲಿಸದೆ, ಹೆಚ್ಚಿನ ವೆಚ್ಚವಿಲ್ಲದೆ, ಚಾರ್ಜಿಂಗ್‌ನ ವೇಗ ಎರಡು ಪಟ್ಟಿಗಿಂತ ಹೆಚ್ಚಾಯಿತು. ಆದ್ದರಿಂದ ದೊಡ್ಡ ಸುರುಳಿಯ ಕಡೆಗೆ ಹೋಗುವ ಮೊದಲು ರೋಬೋಟ್‌ಗೆ ನಿದ್ದೆ ಮಾಡಲು ಕಲಿಸುವುದು ಲೇಸು.

ಎರಡನೆಯ ಅಳತೆಗೆ ಒಂದು ಹಾಳೆ ಮತ್ತು ಪೆನ್ಸಿಲ್ ಇದ್ದರೆ ಸಾಕು. ಡಾಕ್ ಇರುವ ಜಾಗದಲ್ಲಿ ಹಾಳೆಯನ್ನು ಅಂಟಿಸಿ, ರೋಬೋಟ್ ಇಪ್ಪತ್ತು ಸಲ ತಾನಾಗಿಯೇ ಬಂದು ನಿಲ್ಲುವಂತೆ ಮಾಡಿ, ಪ್ರತಿ ಸಲವೂ ಅದರ ಮಧ್ಯಬಿಂದುವನ್ನು ಗುರುತಿಸಿ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಇಪ್ಪತ್ತರ ಸರಾಸರಿಯನ್ನಲ್ಲ, ಅತಿ ಹೆಚ್ಚು ತಪ್ಪಿದ ಒಂದು ಗುರುತನ್ನು. ಬ್ಯಾಟರಿ ಪೂರ್ತಿ ಬರಿದಾಗುವುದು ಆ ಒಂದು ರಾತ್ರಿಯೇ.

ದೂರ ಮತ್ತು ಓರೆ

ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ: ಒಂದು ಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ತು ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಆ ಕ್ಷೇತ್ರ ಪಕ್ಕದ ಸುರುಳಿಯಲ್ಲಿ ವೋಲ್ಟೇಜನ್ನು ಹುಟ್ಟಿಸುತ್ತದೆ. ಸುರುಳಿಯ ಅಕ್ಷದ ಮೇಲೆ ದೂರ ಹೋದಂತೆ ಕ್ಷೇತ್ರ ಎಷ್ಟು ಬೇಗ ಕುಗ್ಗುತ್ತದೆ ಎಂಬುದು ಸುರುಳಿಯ ಗಾತ್ರವನ್ನು ಅವಲಂಬಿಸಿದೆ. 20 ಮಿಲಿಮೀಟರ್ ತ್ರಿಜ್ಯದ ಸುರುಳಿಯಾದರೆ 10 ಮಿಲಿಮೀಟರ್ ದೂರದಲ್ಲಿ ಕ್ಷೇತ್ರದ ಬಲ ಮಧ್ಯದಲ್ಲಿದ್ದುದರ ಶೇಕಡಾ 72ರಷ್ಟಿರುತ್ತದೆ, 20 ಮಿಲಿಮೀಟರ್‌ಗೆ ಶೇಕಡಾ 35ಕ್ಕೆ, 40 ಮಿಲಿಮೀಟರ್‌ಗೆ ಶೇಕಡಾ 9ಕ್ಕೆ ಇಳಿಯುತ್ತದೆ. ಸುರುಳಿಯ ತ್ರಿಜ್ಯವನ್ನು ಇಮ್ಮಡಿಗೊಳಿಸಿದರೆ ಇದೇ ಇಳಿಕೆಗೆ ಇಮ್ಮಡಿ ದೂರ ಬೇಕು. ಹೀಗಾಗಿ ಸುರುಳಿಗಳ ನಡುವಿನ ಅಂತರವನ್ನು ವ್ಯಾಸದ ಕಾಲುಭಾಗದೊಳಗೆ ಇರಿಸಿಕೊಳ್ಳುವುದು ಸುರಕ್ಷಿತವಾದ ಲೆಕ್ಕ.

ಪಕ್ಕಕ್ಕೆ ಸರಿಯುವುದು ಇನ್ನೂ ಅಪಾಯಕಾರಿ. ಸುರುಳಿಯ ಮಧ್ಯದಿಂದ ಮೇಲಕ್ಕೇರಿದ ಬಲರೇಖೆಗಳು ಹೊರಗಿನಿಂದ ಕೆಳಕ್ಕೆ ಮರಳುತ್ತವೆ. ಪಡೆಯುವ ಸುರುಳಿ ಹತ್ತಿರಹತ್ತಿರ ಒಂದು ವ್ಯಾಸದಷ್ಟು ಪಕ್ಕಕ್ಕೆ ಸರಿದಾಗ ಏರುವ ರೇಖೆಗಳೂ ಇಳಿಯುವ ರೇಖೆಗಳೂ ಅದರೊಳಗೆ ಸಮಸಮವಾಗಿ ಹಾದು ಒಂದನ್ನೊಂದು ಅಳಿಸಿಬಿಡುತ್ತವೆ. ಅಲ್ಲಿ ಸಿಗುವುದು ಕಡಿಮೆ ವಿದ್ಯುತ್ತಲ್ಲ, ಶೂನ್ಯ. ನಿಲ್ಲುವ ತಪ್ಪು ಸುರುಳಿಯ ತ್ರಿಜ್ಯದ ಅರ್ಧಕ್ಕಿಂತ ಹೆಚ್ಚಿದ್ದರೆ ಸುರುಳಿಯನ್ನು ದೊಡ್ಡದು ಮಾಡಬೇಕು, ಇಲ್ಲವೆ ರೋಬೋಟನ್ನು ಸರಿಯಾದ ಜಾಗಕ್ಕೆ ತಳ್ಳುವ ಯಾಂತ್ರಿಕ ಮಾರ್ಗವನ್ನು ಡಾಕ್‌ನಲ್ಲಿ ಒದಗಿಸಬೇಕು. ನಾನು ಎರಡನೆಯದನ್ನೇ ಮೊದಲು ಪ್ರಯತ್ನಿಸುತ್ತೇನೆ. ಬಾಯಿ ಅಗಲವಾಗಿದ್ದು ಒಳಗೆ ಕಿರಿದಾಗುತ್ತಾ ಹೋಗುವ ಎರಡು ಮರದ ಪಟ್ಟಿಗಳು, ಸಾಫ್ಟ್‌ವೇರ್‌ನಲ್ಲಿ ವಾರಗಟ್ಟಲೆ ತಿದ್ದಿದರೂ ಸಿಗದ ನಿಖರತೆಯನ್ನು ಒಂದು ಸಂಜೆಯಲ್ಲಿ ತಂದುಕೊಡುತ್ತವೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಫೋನ್‌ಗಳನ್ನು ನೋಡಿ ಅಭ್ಯಾಸವಾದ ನಾವು ಸುರುಳಿಯನ್ನು ನೆಲದ ಮೇಲೆ ಮಲಗಿಸಿ, ರೋಬೋಟನ್ನು ಅದರ ಮೇಲೆ ಹತ್ತಿಸಲು ಹೋಗುತ್ತೇವೆ. ರೋಬೋಟ್‌ನ ತಳಕ್ಕೂ ನೆಲಕ್ಕೂ ನಡುವಿನ ಅಂತರವೇ ಆಗ ಸುರುಳಿಗಳ ನಡುವಿನ ಅಂತರವಾಗುತ್ತದೆ. ಜೊತೆಗೆ ನೆಲದ ಸುರುಳಿಯ ಮೇಲೆ ಧೂಳು, ಸ್ಕ್ರೂ, ತಂತಿಯ ಚೂರು ಬಂದು ಬೀಳುತ್ತವೆ. ಸುರುಳಿಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ರೋಬೋಟ್‌ನ ಮೂತಿಯಲ್ಲಿ ಪಡೆಯುವ ಸುರುಳಿಯನ್ನು ಕೂರಿಸಿದರೆ, ರೋಬೋಟ್ ಮುಂದೆ ಬಂದು ತಾಗಿ ನಿಂತೊಡನೆ ಅಂತರ ತಾನಾಗಿಯೇ ಎರಡು ಮೂರು ಮಿಲಿಮೀಟರ್‌ಗೆ ಇಳಿಯುತ್ತದೆ. ಎತ್ತರ ಮೊದಲೇ ನಿಗದಿಯಾಗಿರುತ್ತದೆ, ಚಿಂತಿಸಬೇಕಾದದ್ದು ಎಡ-ಬಲದ ಓರೆಯನ್ನು ಮಾತ್ರ.

ಮೊದಲ ಆಯ್ಕೆ: ವೈರ್‌ಲೆಸ್ ಬೇಡವೆನ್ನುವುದು

ಹೋಲಿಕೆ ಪ್ರಾಮಾಣಿಕವಾಗಿರಬೇಕಾದರೆ ಲೋಹದ ಸಂಪರ್ಕಗಳನ್ನು ಬದಿಗಿಡುವಂತಿಲ್ಲ. 1940ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನರವಿಜ್ಞಾನಿ ಗ್ರೇ ವಾಲ್ಟರ್ ಕಟ್ಟಿದ ‘ಆಮೆ’ ರೋಬೋಟ್‌ಗಳು ಬ್ಯಾಟರಿ ಕುಗ್ಗಿದಾಗ ಬೆಳಕನ್ನು ಅರಸಿಕೊಂಡು ತಮ್ಮ ಗೂಡಿಗೆ ಮರಳುವಂತೆ ರೂಪಿಸಲ್ಪಟ್ಟಿದ್ದವು. ಇಂದಿನ ನೆಲ ಗುಡಿಸುವ ರೋಬೋಟ್‌ಗಳಲ್ಲಿ ಹೆಚ್ಚಿನವು ಡಾಕ್‌ನ ಎರಡು ಲೋಹದ ಪಟ್ಟಿಗಳ ಮೇಲೆಯೇ ಬಂದು ನಿಲ್ಲುತ್ತವೆ. ಇದಕ್ಕೆ ಕಾರಣವಿದೆ. ಸಂಪರ್ಕದಲ್ಲಿ ನಷ್ಟ ಅತ್ಯಲ್ಪ, 2 ಆಂಪಿಯರ್ ಹರಿಸುವುದು ಕಷ್ಟವಲ್ಲ, ಪಟ್ಟಿಗಳನ್ನು ಅಗಲವಾಗಿ ಮಾಡಿದರೆ ಹಲವು ಮಿಲಿಮೀಟರ್‌ಗಳ ತಪ್ಪನ್ನೂ ಅವು ಸಹಿಸಿಕೊಳ್ಳುತ್ತವೆ. ಒಣಗಿದ, ಸ್ವಚ್ಛವಾದ ಒಳಾಂಗಣದಲ್ಲಿ ಓಡುವ ರೋಬೋಟ್‌ಗೆ ಸ್ಪ್ರಿಂಗ್ ಇರುವ ಪೋಗೋ ಪಿನ್‌ಗಳೂ ಎರಡು ತಾಮ್ರದ ಪಟ್ಟಿಗಳೂ ಸಾಕು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಹೊರಗೆ ಚಾಚಿಕೊಂಡ ಪಿನ್‌ಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಇರದಂತೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡನ್ನೋ ಸ್ವಿಚ್‌ನಂತೆ ಕೆಲಸ ಮಾಡುವ ಮಾಸ್‌ಫೆಟ್ಟನ್ನೋ ಒಳಗಡೆ ಹಾಕಲು ಮರೆಯಬಾರದು. ಇಲ್ಲವಾದರೆ ನೆಲದ ಮೇಲಿನ ಒಂದು ಲೋಹದ ಚೂರು ಬ್ಯಾಟರಿಯನ್ನು ಶಾರ್ಟ್ ಮಾಡೀತು.

ಸಂಪರ್ಕಗಳು ಸೋಲುವ ಜಾಗಗಳೂ ಸ್ಪಷ್ಟವಾಗಿವೆ. ನೀರು, ಕೆಸರು, ಉಪ್ಪಿನ ಗಾಳಿ, ಎಣ್ಣೆ ಹಿಡಿದ ಧೂಳು ಇರುವಲ್ಲಿ ಲೋಹ ಕಿಲುಬು ಹಿಡಿಯುತ್ತದೆ, ರೋಧ ಏರುತ್ತದೆ, ಒಂದು ದಿನ ಚಾರ್ಜ್ ನಿಂತುಹೋಗುತ್ತದೆ. ನೀರೊಳಗೆ ಇಳಿಯುವ ರೋಬೋಟ್‌ನ ಪೆಟ್ಟಿಗೆಯನ್ನು ಒಮ್ಮೆ ಮುಚ್ಚಿ ಮೊಹರು ಮಾಡಿದ ಮೇಲೆ ಮತ್ತೆ ತೆರೆಯದಿರುವುದೇ ಒಳ್ಳೆಯದು. ವೈರ್‌ಲೆಸ್ ಚಾರ್ಜಿಂಗ್ ತನ್ನ ಬೆಲೆಗೆ ತಕ್ಕ ಪ್ರತಿಫಲ ಕೊಡುವುದು ಇಂಥಲ್ಲಿ.

ಬಿಡಿ ಸುರುಳಿಗಳ ಅಗ್ಗದ ಜೋಡಿ

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳನ್ನು ಮಾರುವಲ್ಲೆಲ್ಲ ಸಿಗುವ, ಒಂದು ಕಳುಹಿಸುವ ಬೋರ್ಡ್ ಮತ್ತು ಒಂದು ಪಡೆಯುವ ಬೋರ್ಡ್ ಇರುವ ಜೋಡಿಗಳು ಹೆಚ್ಚಿನವರ ಮೊದಲ ಪ್ರಯೋಗ. ಸಾಮಾನ್ಯವಾಗಿ ಅರ್ಧ ಆಂಪಿಯರ್ ಆಸುಪಾಸಿನಲ್ಲಿ 5 ವೋಲ್ಟ್ ಕೊಡುವ ಸಣ್ಣವುಗಳೂ, 12 ವೋಲ್ಟ್ ಕೊಡುವ ದೊಡ್ಡವುಗಳೂ ಇವೆ. ಇವುಗಳ ದೊಡ್ಡ ಗುಣ ಸರಳತೆ: ವಿದ್ಯುತ್ ಕೊಟ್ಟೊಡನೆ ಕಳುಹಿಸುವ ಸುರುಳಿಯಲ್ಲಿ ಪ್ರವಾಹ ಕಂಪಿಸತೊಡಗುತ್ತದೆ, ಪಡೆಯುವ ಸುರುಳಿ ಹತ್ತಿರ ಬಂದೊಡನೆ ಎಲ್‌ಇಡಿ ಬೆಳಗುತ್ತದೆ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಇವುಗಳ ದೌರ್ಬಲ್ಯವೂ ಅದೇ ಸರಳತೆಯಲ್ಲಿದೆ. ಎರಡು ಬೋರ್ಡ್‌ಗಳ ನಡುವೆ ಯಾವ ಮಾತುಕತೆಯೂ ನಡೆಯುವುದಿಲ್ಲ. ತನ್ನ ಮೇಲೆ ಇರುವುದು ರೋಬೋಟೋ ಕಬ್ಬಿಣದ ವಾಷರೋ ಎಂಬುದು ಕಳುಹಿಸುವ ಬೋರ್ಡ್‌ಗೆ ತಿಳಿಯುವುದಿಲ್ಲ; ವಾಷರ್ ಇದ್ದರೆ ಅದರಲ್ಲಿ ಸುಳಿ ಪ್ರವಾಹಗಳು (ಬದಲಾಗುವ ಕಾಂತಕ್ಷೇತ್ರ ಲೋಹದೊಳಗೆ ಸುತ್ತಿಸುವ ವಿದ್ಯುತ್ತು) ಹುಟ್ಟಿ ಅದು ಕಾಯುತ್ತಲೇ ಹೋಗುತ್ತದೆ. ಪಡೆಯುವ ಕಡೆಯ ವೋಲ್ಟೇಜ್ ಅಂತರವನ್ನೂ ಹೊರೆಯನ್ನೂ (ರೋಬೋಟ್ ಎಳೆಯುವ ವಿದ್ಯುತ್ತು) ಅನುಸರಿಸಿ ಏರಿಳಿಯುತ್ತದೆ. ಲೇಬಲ್‌ನಲ್ಲಿರುವ ಗರಿಷ್ಠ ಪ್ರವಾಹ ಸಿಗುವುದು ಸುರುಳಿಗಳು ಬಹುಪಾಲು ಅಂಟಿಕೊಂಡಂತಿರುವಾಗ ಮಾತ್ರ. ಬ್ಯಾಟರಿ ತುಂಬಿ ಚಾರ್ಜರ್ ಪ್ರವಾಹವನ್ನು ನಿಲ್ಲಿಸಿದೊಡನೆ ಹೊರೆ ಇಲ್ಲದಾಗಿ ವೋಲ್ಟೇಜ್ ಮೇಲಕ್ಕೆ ಜಿಗಿಯಬಹುದಾದ್ದರಿಂದ, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಇಲ್ಲದ ಬೋರ್ಡ್‌ಗಳಿಗೆ, ವೋಲ್ಟೇಜ್ ಒಂದು ಮಿತಿ ದಾಟದಂತೆ ಹಿಡಿಯುವ ಝೀನರ್ ಡಯೋಡ್‌ನಂತಹ ತಡೆ ಕಡ್ಡಾಯವೆಂದು ಭಾವಿಸಬೇಕು. ಡಾಕ್‌ನಲ್ಲಿ ಒಂದು ಸ್ವಿಚ್ಚನ್ನೋ ಅವಗೆಂಪು ಸೆನ್ಸರನ್ನೋ ಇರಿಸಿ, ರೋಬೋಟ್ ನಿಜವಾಗಿ ಬಂದು ನಿಂತಾಗ ಮಾತ್ರ ಕಳುಹಿಸುವ ಬೋರ್ಡ್‌ಗೆ ವಿದ್ಯುತ್ ಹೋಗುವಂತೆ ಮಾಡಿದರೆ ಈ ಜೋಡಿಯ ಅರ್ಧದಷ್ಟು ದೋಷಗಳು ಪರಿಹಾರವಾಗುತ್ತವೆ. ಒಂದೇ ಸೆಲ್‌ನ ಸಣ್ಣ ರೋಬೋಟ್‌ಗೆ, ರಾತ್ರಿಯಿಡೀ ನಿಧಾನವಾಗಿ ತುಂಬಿದರೂ ಸಾಕು ಎನ್ನುವವರಿಗೆ, ಇಷ್ಟು ಸಾಕು.

ಫೋನ್‌ಗಳ ಮಾನದಂಡವನ್ನು ಬಳಸುವುದು

2008ರಲ್ಲಿ ಸ್ಥಾಪನೆಯಾದ ವೈರ್‌ಲೆಸ್ ಪವರ್ ಕನ್ಸೋರ್ಟಿಯಂ ರೂಪಿಸಿದ, ಕ್ಯೂಐ ಎಂದು ಬರೆದು ‘ಚೀ’ ಎಂದು ಉಚ್ಚರಿಸುವ ಮಾನದಂಡ ಇಂದು ಹಲವು ಫೋನ್‌ಗಳಲ್ಲಿದೆ. ಫೋನ್‌ಗೆ ಅಂಟಿಸಲೆಂದು ಮಾರುವ ತೆಳುವಾದ ರಿಸೀವರ್ ಪಟ್ಟಿಗಳನ್ನು ರೋಬೋಟ್‌ಗೂ ಬಳಸಬಹುದು; ಯಾವುದೇ ಪ್ಯಾಡ್ ಡಾಕ್ ಆಗಬಲ್ಲದು. ಇದರ ಮೂಲ ಮಟ್ಟ 5 ವ್ಯಾಟ್, ವಿಸ್ತೃತ ಮಟ್ಟ 15 ವ್ಯಾಟ್. ಆದರೆ 15 ವ್ಯಾಟ್‌ನ ಪ್ಯಾಡ್ ಕೊಂಡ ಮಾತ್ರಕ್ಕೆ 15 ವ್ಯಾಟ್ ಬರುವುದಿಲ್ಲ. ಎಷ್ಟು ಬೇಕೆಂದು ಕೇಳುವುದು ರಿಸೀವರ್; ಬಿಡಿಯಾಗಿ ಸಿಗುವ ಸಾಮಾನ್ಯ ರಿಸೀವರ್‌ಗಳು ಕೇಳುವುದು 5 ವೋಲ್ಟ್, 1 ಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ.

ಈ ಕೇಳುವಿಕೆಯೇ ಮಾನದಂಡದ ಜೀವಾಳ. ರಿಸೀವರ್ ತನ್ನ ಹೊರೆಯನ್ನು ಸಣ್ಣದಾಗಿ ಏರಿಳಿಸುವ ಮೂಲಕ, ಅದೇ ಕಾಂತಕ್ಷೇತ್ರದ ಮೇಲೆಯೇ, ಸೆಕೆಂಡಿಗೆ 2 ಕಿಲೋಬಿಟ್ ವೇಗದಲ್ಲಿ ಪ್ಯಾಡ್‌ಗೆ ಸಂದೇಶ ಕಳುಹಿಸುತ್ತದೆ: ಇನ್ನಷ್ಟು ಬೇಕು, ಸಾಕು, ನಿಲ್ಲಿಸು. ರೋಬೋಟ್ ಇಲ್ಲದಿದ್ದಾಗ ಪ್ಯಾಡ್ ಆಗಾಗ ಒಂದು ಕ್ಷಣ ತಟ್ಟಿ ನೋಡುತ್ತದೆಯೇ ಹೊರತು ಪೂರ್ಣ ಶಕ್ತಿಯಲ್ಲಿ ಉರಿಯುವುದಿಲ್ಲ. ಕಳುಹಿಸಿದ್ದಕ್ಕೂ ರಿಸೀವರ್ ಪಡೆದೆನೆಂದು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ನಡುವೆ ಲೋಹವಿದೆ ಎಂದು ಊಹಿಸಿ ನಿಲ್ಲಿಸಿಬಿಡುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಕೆಲಸ ಮಾಡುವ ಡಾಕ್‌ಗೆ ಈ ಎಚ್ಚರ ಬಹಳ ಬೆಲೆಯುಳ್ಳದ್ದು. ಅಗ್ಗದ ಜೋಡಿಗಿಂತ ಇದನ್ನು ಮೇಲಿಡಲು ನನಗೆ ಈ ಒಂದೇ ಕಾರಣ ಸಾಕು.

ತೊಡಕುಗಳು ಎರಡು. ಅಂತರ ಕೆಲವೇ ಮಿಲಿಮೀಟರ್ ಇರಬೇಕು, ಸುರುಳಿಗಳ ಕೇಂದ್ರಗಳೂ ಅಷ್ಟೇ ಹತ್ತಿರ ಬರಬೇಕು. ಹಲವು ಸುರುಳಿಗಳಿರುವ ಪ್ಯಾಡ್ ಇದನ್ನು ಒಂದು ದಿಕ್ಕಿನಲ್ಲಿ ಸಡಿಲಿಸುತ್ತದೆ. 2023ರಲ್ಲಿ ಬಂದ ಕ್ಯೂಐ-2 ಮಾನದಂಡ ಸುರುಳಿಯ ಸುತ್ತ ಆಯಸ್ಕಾಂತಗಳ ಉಂಗುರವನ್ನಿರಿಸಿ ಜೋಡಣೆಯನ್ನು ಸುಲಭಗೊಳಿಸಿತು. ರೋಬೋಟ್‌ಗೂ ಇದು ಹೊಂದುತ್ತದೆ, ಆದರೆ ಡಾಕ್‌ನಿಂದ ಹಿಂದೆ ಸರಿಯುವಾಗ ಆ ಹಿಡಿತವನ್ನು ಬಿಡಿಸಿಕೊಳ್ಳುವಷ್ಟು ಬಲ ಮೋಟಾರ್‌ಗಳಿಗೆ ಇರಬೇಕು, ಮತ್ತು ದಿಕ್ಸೂಚಿ ಸೆನ್ಸರ್ ಇದ್ದರೆ ಅದನ್ನು ಉಂಗುರದಿಂದ ದೂರ ಇಡಬೇಕು. ಎರಡನೆಯ ತೊಡಕು ರೋಬೋಟ್‌ನ ಲೋಹದ ಚಾಸಿ (ಚೌಕಟ್ಟು): ಅದನ್ನೇ ಅನ್ಯವಸ್ತುವೆಂದು ಬಗೆದು ಪ್ಯಾಡ್ ಪದೇ ಪದೇ ನಿಲ್ಲಿಸೀತು.

ಸ್ವಂತವಾಗಿ ಕಟ್ಟುವ ಅನುರಣನದ ಸುರುಳಿಗಳು

20 ವ್ಯಾಟ್‌ಗಿಂತ ಹೆಚ್ಚು ಬೇಕು, ಅಥವಾ ಅಂತರ ಎರಡು ಮೂರು ಸೆಂಟಿಮೀಟರ್ ಇರಲೇಬೇಕು ಎಂದಾಗ ಉಳಿಯುವ ದಾರಿ ಇದೊಂದೇ. ಎರಡೂ ಸುರುಳಿಗಳಿಗೆ ಕೆಪಾಸಿಟರ್ ಜೋಡಿಸಿ ಒಂದೇ ಆವರ್ತನಕ್ಕೆ ಶ್ರುತಿ ಮಾಡಿದರೆ, ದುರ್ಬಲವಾದ ಜೋಡಣೆಯಲ್ಲಿಯೂ ಸಾಕಷ್ಟು ಶಕ್ತಿ ದಾಟುತ್ತದೆ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಮೀಟರ್ ದೂರದಲ್ಲಿದ್ದ 60 ವ್ಯಾಟ್‌ನ ಬಲ್ಬನ್ನು ಸುಮಾರು ಶೇಕಡಾ 40ರ ದಕ್ಷತೆಯಲ್ಲಿ ಬೆಳಗಿಸಿದ್ದು ಈ ತತ್ತ್ವದಿಂದಲೇ. ಆ ಸುರುಳಿಗಳ ವ್ಯಾಸ 60 ಸೆಂಟಿಮೀಟರ್ ಇತ್ತು ಎಂಬುದನ್ನು ಮಾತ್ರ ಮರೆಯಬಾರದು.

ಇಲ್ಲಿ ಸಿಗಬಹುದಾದ ಗರಿಷ್ಠ ದಕ್ಷತೆಯನ್ನು ನಿರ್ಧರಿಸುವುದು ಎರಡು ಸಂಖ್ಯೆಗಳ ಗುಣಲಬ್ಧ: ಸುರುಳಿಗಳು ಎಷ್ಟು ಬಿಗಿಯಾಗಿ ಜೋಡಿಕೊಂಡಿವೆ ಎಂಬುದನ್ನು ಹೇಳುವ ಜೋಡಣೆಯ ಗುಣಾಂಕ, ಮತ್ತು ಸುರುಳಿಯಲ್ಲಿ ನಷ್ಟ ಎಷ್ಟು ಕಡಿಮೆ ಎಂಬುದನ್ನು ಹೇಳುವ ಕ್ಯೂ ಎಂಬ ಸಂಖ್ಯೆ. ಈ ಗುಣಲಬ್ಧ 1 ಆಗಿದ್ದರೆ ದಕ್ಷತೆ ಶೇಕಡಾ 17 ದಾಟದು. 10 ಆದರೆ ಶೇಕಡಾ 82, 30 ಆದರೆ ಶೇಕಡಾ 93ರ ಮೇಲೆ. ಜೋಡಣೆ 0.1 ಮಾತ್ರ ಇದ್ದರೂ ಕ್ಯೂ 100 ಇದ್ದರೆ ಸಾಕು ಎಂದಾಯಿತು. ಆ ಕ್ಯೂ ಪಡೆಯಲು ತಂತಿಯ ಆಯ್ಕೆ ಮುಖ್ಯ. 100 ಕಿಲೋಹರ್ಟ್ಸ್‌ನಲ್ಲಿ ವಿದ್ಯುತ್ತು ತಾಮ್ರದ ಹೊರಮೈಯ ಸುಮಾರು 0.2 ಮಿಲಿಮೀಟರ್ ಪದರದಲ್ಲಿಯೇ ಹರಿಯುವುದರಿಂದ ಒಂದೇ ದಪ್ಪ ತಂತಿಗಿಂತ, ಬೇರೆ ಬೇರೆ ಲೇಪನವಿರುವ ನೂರಾರು ಎಳೆಗಳನ್ನು ಹೊಸೆದ ಲಿಟ್ಜ್ ತಂತಿ ಮೇಲು. ಕೆಪಾಸಿಟರ್‌ಗಳು ಪಾಲಿಪ್ರೊಪಿಲೀನ್ ಫಿಲ್ಮ್ ಅಥವಾ ಸಿ-ಝೀರೋ-ಜಿ ಎಂಬ ಸ್ಥಿರವಾದ ಸೆರಾಮಿಕ್ ಬಗೆಯವೇ ಆಗಬೇಕು. ಸಾಧಾರಣ ಸೆರಾಮಿಕ್ ಕೆಪಾಸಿಟರ್‌ಗಳು ಬಿಸಿಯೇರಿ, ಅವುಗಳ ಧಾರಕತೆ (ಕೆಪಾಸಿಟೆನ್ಸ್) ಬದಲಾಗಿ ಶ್ರುತಿಯನ್ನು ಕೆಡಿಸುತ್ತವೆ.

ಹೊಸಬರನ್ನು ಬೆಚ್ಚಿಬೀಳಿಸುವ ಒಂದು ಗುಣ ಈ ಸರ್ಕ್ಯೂಟ್‌ಗಿದೆ. ಎರಡೂ ಕಡೆ ಕೆಪಾಸಿಟರನ್ನು ಸರಣಿಯಲ್ಲಿ ಹಾಕಿದ ಸರಳ ವಿನ್ಯಾಸದಲ್ಲಿ, ರೋಬೋಟ್ ಡಾಕ್‌ನಿಂದ ಹೊರಟುಹೋದಾಗ ಕಳುಹಿಸುವ ಸುರುಳಿಯ ಪ್ರವಾಹ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ರೋಬೋಟ್ ಇದ್ದಾಗ ಅದರ ಹೊರೆ ಈ ಕಡೆಯಲ್ಲಿ ರೋಧವಾಗಿ ಪ್ರತಿಫಲಿಸುತ್ತಿತ್ತು. ಅದು ಹೋದ ಮೇಲೆ ಪ್ರವಾಹವನ್ನು ತಡೆಯಲು ತಂತಿಯ ಅಲ್ಪ ರೋಧವಷ್ಟೇ ಉಳಿಯುತ್ತದೆ. ಇದೇ ಕಾರಣಕ್ಕೆ ಸುರುಳಿಗಳನ್ನು ಅತಿ ಹತ್ತಿರ ತಂದರೆ ದಾಟುವ ಶಕ್ತಿ ಇಳಿಯುವುದೂ ಉಂಟು. ಪ್ರವಾಹವನ್ನು ಅಳೆದು, ಮಿತಿ ಮೀರಿದೊಡನೆ ಡ್ರೈವರನ್ನು ನಿಲ್ಲಿಸುವ ಸರ್ಕ್ಯೂಟ್ ಇಲ್ಲದೆ ಇದನ್ನು ಎಂದಿಗೂ ಚಾಲೂ ಮಾಡಬಾರದು. ವಿದ್ಯುತ್ತಿನ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಲ್ಲದವರು ಈ ದಾರಿಗೆ ಇಳಿಯದಿರುವುದೇ ಕ್ಷೇಮ. 6.78 ಮೆಗಾಹರ್ಟ್ಸ್‌ನಂತಹ ಎತ್ತರದ ಆವರ್ತನದ ವ್ಯವಸ್ಥೆಗಳೂ ಇವೆ, ಹವ್ಯಾಸಿಗೆ ಅವುಗಳ ಅಗತ್ಯ ಅಪರೂಪ. ಕೋಣೆಯ ಆಚೆಯಿಂದ ರೇಡಿಯೋ ಅಲೆಗಳ ಮೂಲಕ ಚಾರ್ಜ್ ಮಾಡುವ ಸಾಧನಗಳಿಂದ ಸಿಗುವುದು ಸಣ್ಣ ಸೆನ್ಸರ್‌ಗೆ ಸಾಲುವಷ್ಟು ಶಕ್ತಿ. ಮೋಟಾರ್ ಇರುವ ಯಂತ್ರಕ್ಕೆ ಅವನ್ನು ಪರಿಗಣಿಸಬೇಕಾಗಿಲ್ಲ.

ಸುರುಳಿಯ ಹಿಂದೆ ಇರುವುದು

ಯಾವ ವಿಧಾನವನ್ನು ಆರಿಸಿದರೂ ರಿಸೀವರ್ ಬ್ಯಾಟರಿ ಚಾರ್ಜರ್ ಅಲ್ಲ. ಅದು ತಂತಿಯ ಜಾಗದಲ್ಲಿ ನಿಂತಿರುವ ಒಂದು ವಿದ್ಯುತ್ ಮೂಲ ಮಾತ್ರ. ಲಿಥಿಯಂ-ಅಯಾನ್ ಸೆಲ್‌ಗೆ ಮೊದಲು ಸ್ಥಿರ ಪ್ರವಾಹ, ಬಳಿಕ 4.2 ವೋಲ್ಟ್‌ನಲ್ಲಿ ಸ್ಥಿರ ವೋಲ್ಟೇಜ್ ಕೊಡುವ ಚಾರ್ಜರ್ ನಡುವೆ ಇರಲೇಬೇಕು. ಸರಣಿಯಲ್ಲಿ ಎರಡು ಸೆಲ್‌ಗಳಿದ್ದರೆ ಅವನ್ನು ಸಮತೋಲನದಲ್ಲಿಡುವ ವ್ಯವಸ್ಥೆಯೂ ಬೇಕು. ಚಾರ್ಜರ್‌ನ ಪ್ರವಾಹವನ್ನು ಸುರುಳಿ ನಿರಾಯಾಸವಾಗಿ ಕೊಡಬಲ್ಲುದಕ್ಕಿಂತ ಕೆಳಗೇ ಇಡಬೇಕು. ಟಿಪಿ-4056 ಎಂಬ ಚಾರ್ಜರ್ ಚಿಪ್ ಇರುವ, ಒಂದೇ ಸೆಲ್‌ಗೆ ಬಹಳ ಬಳಕೆಯಲ್ಲಿರುವ ಬೋರ್ಡ್‌ಗಳು 1.2 ಕಿಲೋಓಮ್ ರೋಧದೊಂದಿಗೆ 1 ಆಂಪಿಯರ್‌ಗೆ ಹೊಂದಿಸಿರುತ್ತವೆ. ಆ ರೋಧವನ್ನು 2 ಕಿಲೋಓಮ್‌ಗೆ ಬದಲಿಸಿದರೆ ಪ್ರವಾಹ 580 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಹೀಗೆ ಮಾಡದಿದ್ದರೆ ವೋಲ್ಟೇಜ್ ಕುಸಿದು ಚಾರ್ಜರ್ ಆರುತ್ತದೆ, ಹೊರೆ ತಪ್ಪಿದೊಡನೆ ಮತ್ತೆ ಚಾಲೂ ಆಗುತ್ತದೆ, ಈ ಚಕ್ರ ರಾತ್ರಿಯಿಡೀ ನಡೆಯುತ್ತದೆ. ಇದೇ ಚಿಪ್ ಪ್ರವಾಹ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಬ್ಯಾಟರಿ ತುಂಬಿತೆಂದು ತಿಳಿಯುವುದರಿಂದ, ರೋಬೋಟ್ ಅದೇ ಹೊತ್ತಿನಲ್ಲಿ ಬ್ಯಾಟರಿಯಿಂದ ಅಷ್ಟನ್ನು ಹೀರುತ್ತಿದ್ದರೆ ಚಾರ್ಜಿಂಗ್ ಮುಗಿಯುವುದೇ ಇಲ್ಲ. ಡಾಕ್‌ನಲ್ಲಿರುವಾಗ ರೋಬೋಟ್‌ನ ಹೊರೆಯನ್ನು ಬ್ಯಾಟರಿಯಿಂದ ಬಿಡಿಸಿ ನೇರವಾಗಿ ರಿಸೀವರ್‌ಗೆ ವರ್ಗಾಯಿಸುವ ಸರ್ಕ್ಯೂಟ್ ಇದಕ್ಕೆ ಮದ್ದು. ನಿಕಲ್-ಮೆಟಲ್ ಹೈಡ್ರೈಡ್ ಸೆಲ್‌ಗಳಾದರೆ, ವೋಲ್ಟೇಜ್‌ನ ಅಲ್ಪ ಇಳಿಕೆಯನ್ನು ಗುರುತಿಸಿ ನಿಲ್ಲಿಸುವ ಚಾರ್ಜರ್‌ಗಳು ಸುರುಳಿಯ ಏರಿಳಿತದಿಂದ ಮೋಸಹೋಗಬಹುದು. ಉಷ್ಣತೆ ಮತ್ತು ಸಮಯದ ಮಿತಿಯನ್ನೂ ಸೇರಿಸಬೇಕು.

ಲೋಹದ ಬಗ್ಗೆ ನನ್ನ ಸ್ವಂತ ಅನುಭವದ ಮಾತೊಂದಿದೆ. ನನ್ನ ಮೊದಲ ರೋಬೋಟ್‌ನಲ್ಲಿ ಪಡೆಯುವ ಸುರುಳಿಯನ್ನು ಅಲ್ಯೂಮಿನಿಯಂ ತಟ್ಟೆಯ ಮೇಲೆ ನೇರವಾಗಿ ಅಂಟಿಸಿದ್ದೆ. ಮೇಜಿನ ಮೇಲೆ ಚೆನ್ನಾಗಿ ಬರುತ್ತಿದ್ದ 5 ವೋಲ್ಟ್ ಚಾಸಿಗೆ ಕೂರಿಸಿದೊಡನೆ ಕುಸಿಯಿತು, ತಟ್ಟೆ ಮುಟ್ಟಲಾಗದಷ್ಟು ಬಿಸಿಯಾಯಿತು. ಸುಳಿ ಪ್ರವಾಹಗಳು ಶಕ್ತಿಯನ್ನು ನುಂಗಿದ್ದಲ್ಲದೆ ಸುರುಳಿಯ ಇಂಡಕ್ಟೆನ್ಸನ್ನೂ ಇಳಿಸಿ ಶ್ರುತಿ ತಪ್ಪಿಸಿದ್ದವು. ನಡುವೆ ಸುರುಳಿಗಿಂತ ತುಸು ಅಗಲವಾದ, ಕಾಂತಕ್ಷೇತ್ರವನ್ನು ಲೋಹದತ್ತ ಹೋಗಗೊಡದ ಫೆರೈಟ್ ಹಾಳೆಯನ್ನು ಇರಿಸಿದ ಮೇಲೆ ಎಲ್ಲವೂ ಸರಿಹೋಯಿತು. ಕಾರ್ಬನ್ ಫೈಬರ್ ಕೂಡ ವಿದ್ಯುತ್ತನ್ನು ಹರಿಸುತ್ತದೆ, ಅದಕ್ಕೂ ಇದೇ ಎಚ್ಚರ ಬೇಕು. ಸುರುಳಿ ತಾನೂ ಬೆಚ್ಚಗಾಗುವುದರಿಂದ ಅದನ್ನು ಬ್ಯಾಟರಿಗೆ ಒತ್ತಿ ಕಟ್ಟಬಾರದು; ಲಿಥಿಯಂ ಸೆಲ್‌ಗಳನ್ನು ಸಾಮಾನ್ಯವಾಗಿ 0ರಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಮಾತ್ರ ಚಾರ್ಜ್ ಮಾಡಬೇಕು.

ನನ್ನ ಆಯ್ಕೆಗಳು

ಒಂದೇ ಸೆಲ್‌ನ, ಗೆರೆ ಹಿಂಬಾಲಿಸುವ ಪುಟ್ಟ ರೋಬೋಟ್‌ಗೆ ನಾನು ಅಗ್ಗದ ಜೋಡಿಯನ್ನೇ ಆರಿಸುತ್ತೇನೆ, ಡಾಕ್‌ನಲ್ಲಿ ಸ್ವಿಚ್ ಇರಿಸುವ ಷರತ್ತಿನೊಂದಿಗೆ. ಗೆರೆಯೇ ಅದನ್ನು ಸುರುಳಿಯ ಮುಂದೆ ತಂದು ನಿಲ್ಲಿಸುತ್ತದೆ. ಕಂಪ್ಯೂಟರ್ ಹೊತ್ತು ಮನೆಯೊಳಗೆ ಓಡಾಡುವ, ಎರಡು ಸೆಲ್‌ಗಳ ರೋಬೋಟ್ ದಿನಕ್ಕೆ ಒಂದೆರಡು ಗಂಟೆ ಮಾತ್ರ ಕೆಲಸ ಮಾಡುವುದಾದರೆ, ನೆಟ್ಟಗೆ ನಿಲ್ಲಿಸಿದ ಕ್ಯೂಐ ಪ್ಯಾಡ್ ಮತ್ತು ಕಂಪ್ಯೂಟರನ್ನು ಆರಿಸುವ ಮೈಕ್ರೋಕಂಟ್ರೋಲರ್ ಸೇರಿ ಸಾಕಾಗುತ್ತವೆ. ಅದೇ ರೋಬೋಟ್ ಗಂಟೆಗೊಮ್ಮೆ ಹೊರಡಬೇಕಾದರೆ ಲೋಹದ ಪಟ್ಟಿಗಳಿಗೆ ಮರಳುತ್ತೇನೆ, ಏಕೆಂದರೆ 5 ವ್ಯಾಟ್‌ನಿಂದ ಆ ಲೆಕ್ಕ ತೀರುವುದಿಲ್ಲ. ಸಿಹಿನೀರಿನಲ್ಲಿ ಇಳಿಯುವ, ಪ್ಲಾಸ್ಟಿಕ್ ಪೆಟ್ಟಿಗೆಯ ರೋಬೋಟ್‌ಗೆ ಸುರುಳಿಯೇ ಸರಿ. ಪೆಟ್ಟಿಗೆಯ ಗೋಡೆ ತೆಳುವಾಗಿದ್ದರೆ ಕ್ಯೂಐ, ದಪ್ಪವಾಗಿದ್ದರೆ ಶ್ರುತಿ ಮಾಡಿದ ದೊಡ್ಡ ಸುರುಳಿ.

ಆಯ್ಕೆ ಯಾವುದಾದರೂ ಡಾಕನ್ನು ಮನೆಯವರ ನಡುವೆ ಬಿಡುವ ಮೊದಲು ಮೂರು ಪರೀಕ್ಷೆಗಳನ್ನು ಕಣ್ಣೆದುರೇ ನಡೆಸಿ: ರೋಬೋಟ್ ಇಲ್ಲದ ಖಾಲಿ ಡಾಕನ್ನು ಒಂದು ಗಂಟೆ ಚಾಲೂ ಇಟ್ಟು ಸುರುಳಿಯ ಬಿಸಿಯನ್ನು ಅಳೆಯುವುದು, ಪೂರ್ತಿ ತುಂಬಿದ ರೋಬೋಟನ್ನು ಇನ್ನೊಂದು ಗಂಟೆ ಹಾಗೆಯೇ ನಿಲ್ಲಿಸಿ ರಿಸೀವರ್‌ನ ವೋಲ್ಟೇಜನ್ನು ಗಮನಿಸುವುದು, ಮತ್ತು ಹಾಳೆಯ ಮೇಲೆ ಗುರುತಿಸಿಟ್ಟ ಆ ಅತಿ ಕೆಟ್ಟ ಜಾಗದಲ್ಲಿ ರೋಬೋಟನ್ನು ಕೈಯಾರೆ ಇರಿಸಿ ಬ್ಯಾಟರಿಗೆ ಹರಿಯುವ ಪ್ರವಾಹವನ್ನು ಮೀಟರ್‌ನಲ್ಲಿ ಓದುವುದು.